ಸಿಳ್ಳೆ ಹೊಡೆಯೋ ಬಾಯಿಗೆ ಒಂದು ಮಾತು

ಹೀರೋ ಪರದೆ ಮೇಲೆ ಕಾಲಿಟ್ಟರೆ ಸಾಕು, ಸಿಳ್ಳೆ! ಚಪ್ಪಾಳೆ! ಹೊರಗೆ ಕಟೌಟಿಗೆ ಹಾರ, ಹಾಲು, ಪಟಾಕಿ! ಮೆಚ್ಚೋದು ಹೇಗೆ ಅಂತ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಾವ ಫೈಟಿನಲ್ಲಿ ಹೀರೋ ಯಾವ ಕೈಗೆ ವಾಚು ಕಟ್ಟಿದ್ದ ಅಂತ ಹೇಳುವಷ್ಟು ಚುರುಕು ನಮ್ಮ ಹುಡುಗರ ಕಣ್ಣು. ಅದೇ ಹುಡುಗನನ್ನು 'ಇವತ್ತು ನಿಮ್ಮನೇಲಿ ಸಾರು ಹೆಂಗಿತ್ತೋ?' ಅಂತ ಕೇಳಿ ನೋಡಿ. 'ಇತ್ತು' ಅಂತಾನೆ!

ಮೆಚ್ಚುಗೆ ಬರೀ ಬಿಡುಗಡೆಯ ದಿನದ ಹಬ್ಬ ಆಗಬಾರದು, ಪೋಸ್ಟರಿನಲ್ಲಿ ಹಾಕ್ತಾರಲ್ಲ, 'ದಿನಾ 4 ಆಟಗಳು', ಹಾಗೆ ನಡೀಬೇಕು ಅಂತ ನನ್ನ ವಾದ.

ಅಣ್ಣಾವ್ರನ್ನೇ ನೋಡಿ. 1954ರ 'ಬೇಡರ ಕಣ್ಣಪ್ಪ'ದಿಂದ ಹಿಡಿದು ಇನ್ನೂರಕ್ಕೂ ಹೆಚ್ಚು ಚಿತ್ರ. 1983ರಲ್ಲಿ ಪದ್ಮಭೂಷಣ, 1995ರ ಸಾಲಿನ ಫಾಲ್ಕೆ ಪ್ರಶಸ್ತಿ. ಇಷ್ಟಾದರೂ ಟಿಕೆಟ್ ಕೊಂಡ ನಮ್ಮ ನಿಮ್ಮಂಥವರನ್ನು ಕರೆದದ್ದು 'ಅಭಿಮಾನಿ ದೇವರುಗಳೇ' ಅಂತ! ತಮಗೆ ಹಾಡಿದ ಪಿ.ಬಿ. ಶ್ರೀನಿವಾಸರ ಮಾತು ಬಂದರೆ, ತಾವು ಬರೀ ಶರೀರ, ಅವರೇ ಶಾರೀರ ಅನ್ನುತ್ತಿದ್ದರು. ಹಾಗಂದರೆ ಅವರ ಗಂಟೇನಾದರೂ ಕರಗಿತೇ?

ನಮ್ಮ ಮೇಲೂರು ಕಡೆ ಈ ಕಥೆಗೊಬ್ಬ ವಿಲನ್ ಇದ್ದಾನೆ. ಹೆಸರು ದೃಷ್ಟಿ! ನಮ್ಮದು ರೇಷ್ಮೆ ಸೀಮೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಎದ್ದು, ಹಣ್ಣಾಗಿ ಚಂದ್ರಿಕೆ ಹತ್ತೋವರೆಗೂ ಮನೆಯವರಿಗೆ ನಿದ್ದೆ ಇಲ್ಲ. ಅಷ್ಟು ದಿನವೂ 'ಹುಳ ಚೆನ್ನಾಗೈತೆ' ಅಂತ ಬಾಯಿಬಿಟ್ಟರೆ ದೊಡ್ಡವರ ಹುಬ್ಬು ಗಂಟು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗಿ ಒಳ್ಳೇ ರೇಟು ಸಿಕ್ಕರೆ ಅದೇ ಹೊಗಳಿಕೆ. ಸರಿ, ಹುಳುವಿಗೆ ದೃಷ್ಟಿಯಾಗುತ್ತೆ ಅನ್ನೋಣ. ಸೊಪ್ಪು ಹಾಕಿದವರಿಗೂ ಆಗುತ್ತಾ ಸ್ವಾಮಿ?

ನಮ್ಮನೇಲಿ ಸೊಪ್ಪು ಹಾಕೋದು ಅತ್ತಿಗೆ. ಹೋದ ವರ್ಷ ಸಪ್ಪೆ ರೋಗ ಬಿದ್ದು ಒಂದು ಬೆಳೆ ಪೂರ್ತಿ ಹೋಯಿತು. ಚಂದ್ರಿಕೆ ಹತ್ತಬೇಕಾಗಿದ್ದ ಹುಳುವನ್ನು ಗುಂಡಿ ತೋಡಿ ಮುಚ್ಚಿದೆವು. ಅಣ್ಣ ಮಾತು ನಿಲ್ಲಿಸಿದ. ಸಾಲ ಹಾಗೇ ನಿಂತಿತು. ರಾತ್ರಿ ತಟ್ಟೆ ಲೋಟದ ಸದ್ದು ಬಿಟ್ಟರೆ ಮನೇಲಿ ಬೇರೆ ಸದ್ದಿಲ್ಲ.

ಆಗ ಶುರು ಮಾಡಿದೆ ನಾನು. ದಿನಕ್ಕೊಂದು ಮಾತು, ಮುಖ ನೋಡಿ, ಕಣ್ಣಾರೆ ಕಂಡದ್ದು ಮಾತ್ರ. 'ನೀವು ದೇವತೆ' ಅನ್ನೋ ಕ್ಲೈಮ್ಯಾಕ್ಸ್ ಡೈಲಾಗ್ ಬೇಡ, ಯಾರೂ ನಂಬೋದಿಲ್ಲ. 'ಅತ್ತಿಗೆ, ನಾಲ್ಕು ಗಂಟೆಗೇ ಎದ್ದು ತೋಟಕ್ಕೆ ಹೋದ್ರಲ್ಲ, ನೋಡ್ದೆ' ಅಂದೆ. ಅಷ್ಟೇ.

ಅತ್ತಿಗೆ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಏನಪ್ಪಾ, ಎಷ್ಟು ದುಡ್ಡು ಬೇಕಾಗಿತ್ತು?' ಅಂದರು!

ಬಿಡಲಿಲ್ಲ. 'ಅಣ್ಣಾ, ಸಾಲದೋರು ಬಂದಾಗ ಎಷ್ಟು ಸಮಾಧಾನವಾಗಿ ಮಾತಾಡ್ದೆ' ಅಂದೆ. ಅಣ್ಣ ಗೋಡೆ ನೋಡಿದ. ಆದರೆ ಅವತ್ತು ಇನ್ನೊಂದು ಮುದ್ದೆ ಹಾಕಿಸಿಕೊಂಡ. ಹದಿನೈದು ದಿನ ಕಳೆದಿರಬೇಕು, ಉಪ್ಪು ಜಾಸ್ತಿ ಅಂತ ತಟ್ಟೆ ಸರಿಸೋ ಮನುಷ್ಯ ತಲೆ ಎತ್ತದೆಯೇ, 'ಸಾರು ಪರವಾಗಿಲ್ಲ' ಅಂದ. ನಮ್ಮಣ್ಣನ ನಾಲಗೆ ಬಲ್ಲವರಿಗೆ ಗೊತ್ತು, ಅದು ರಾಷ್ಟ್ರಪ್ರಶಸ್ತಿ! ಅತ್ತಿಗೆ ಒಳಗೆ ಹೋಗಿ ತುಂಬಾ ಹೊತ್ತು ಪಾತ್ರೆ ತೊಳೆದರು.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಮನ್ಸ್ ಮತ್ತು ಮೆಕಲಾ 2003ರಲ್ಲಿ ಇಂಥದ್ದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದರು. ಒಂದು ಗುಂಪು 10 ವಾರ, ವಾರಕ್ಕೊಮ್ಮೆ, ಮನಸ್ಸು ನೆನೆಯುವಂಥ ಐದು ಸಂಗತಿ ಬರೆಯಬೇಕು. ಇನ್ನೊಂದು ಗುಂಪು ಕಿರಿಕಿರಿಗಳನ್ನು ಬರೆಯಬೇಕು. ಮೊದಲನೆಯವರಿಗೆ ಬದುಕಿನ ಮೇಲೆ ಸಮಾಧಾನ ಹೆಚ್ಚು, ಮೈಕೈ ನೋವಿನಂಥ ದೂರು ಕಡಿಮೆ ಅಂತ ಕಂಡುಬಂತು. ಸಾಲ ತೀರಿತು ಅಂತ ಮಾತ್ರ ಎಲ್ಲೂ ಬರೆದಿಲ್ಲ. ನಮ್ಮದೂ ತೀರಿಲ್ಲ ಬಿಡಿ. ಈ ಸಲದ ಹುಳು ಮೂರನೇ ಜ್ವರದಲ್ಲಿದೆ, ಹೇಗಿದೆ ಅಂತ ಕೇಳಬೇಡಿ!

ನೀವು ಈ ವಾರ ಯಾರಿಗೆ ಏನಂದಿರಿ, ಅವರೇನಂದರು, ಒಂದು ಕಾರ್ಡು ಹಾಕಿ. 'ಎಷ್ಟು ದುಡ್ಡು ಬೇಕು' ಅಂದಿದ್ದರೆ ಅದನ್ನೂ ಬರೆಯಿರಿ.