ಬಟವಾಡೆಯ ಲೆಕ್ಕ ಯಾರ ಕೈಯಲ್ಲಿ?

ಕಿಬ್ಬನಹಳ್ಳಿ ಕ್ರಾಸಿನಿಂದ, ಅಂದರೆ ನಮ್ಮ ಕೆ.ಬಿ. ಕ್ರಾಸಿನಿಂದ, ಯಾವ ದಿಕ್ಕಿಗೆ ಹೊರಟರೂ ತೆಂಗಿನದೇ ಕಸುಬು. ಪಶ್ಚಿಮಕ್ಕೆ ತಿಪಟೂರು, ಉತ್ತರಕ್ಕೆ ಚಿಕ್ಕನಾಯಕನಹಳ್ಳಿ, ದಕ್ಷಿಣಕ್ಕೆ ತುರುವೇಕೆರೆ. ನಡುವೆ ಪೌಡರ್ ಫ್ಯಾಕ್ಟರಿಗಳು, ನಾರಿನ ಫ್ಯಾಕ್ಟರಿಗಳು, ಕೊಬ್ಬರಿ ಮಂಡಿಗಳು. ಇವುಗಳನ್ನು ನಡೆಸುವವರ ಬಾಯಲ್ಲಿ ಈಚೆಗೆ ಒಂದು ಮಾತು ಮೇಲಿಂದ ಮೇಲೆ ಬರುತ್ತಿದೆ: ‘ಸಂಬಳ, ಪಿಎಫ್, ಇಎಸ್ಐ ತಲೆನೋವು ನಮಗ್ಯಾಕೆ? ಹೊರಗಿನವರಿಗೆ ವಹಿಸಿಬಿಟ್ಟರಾಯ್ತು.’ ತುಮಕೂರಿನ ಕನ್ಸಲ್ಟೆಂಟೋ, ಬೆಂಗಳೂರಿನ ಕಂಪನಿಯೋ ಸಿಕ್ಕೇ ಸಿಗುತ್ತದೆ.

ಈ ಮಾತಿನಲ್ಲಿ ಅರ್ಧವನ್ನು ನಾನು ಮನಸಾರೆ ಒಪ್ಪುತ್ತೇನೆ. ಇನ್ನರ್ಧ ನಮ್ಮ ಸೀಮೆಯ ಸಾವಿರಾರು ಹೆಣ್ಣುಮಕ್ಕಳ ದುಡಿಮೆಗೆ ಕುತ್ತು ತರುವಂಥದ್ದು. ಸಂಬಳದ ಲೆಕ್ಕವನ್ನು ಹೊರಗೆ ಕೊಡುವುದು ಒಂದು, ದುಡಿಯುವ ಆಳನ್ನೇ ಇನ್ನೊಬ್ಬರ ಹೆಸರಿಗೆ ಬರೆಸಿಬಿಡುವುದು ಇನ್ನೊಂದು. ಎರಡಕ್ಕೂ ‘ಔಟ್‌ಸೋರ್ಸಿಂಗ್’ ಎಂಬ ಒಂದೇ ಹೆಸರು ಅಂಟಿಕೊಂಡಿರುವುದರಿಂದ ಸಣ್ಣ ಮಾಲೀಕರು ಮೊದಲನೆಯದನ್ನು ಕೇಳಲು ಹೋಗಿ ಎರಡನೆಯದಕ್ಕೆ ಸಹಿ ಹಾಕಿ ಬರುವುದುಂಟು.

ಪೌಡರ್ ಫ್ಯಾಕ್ಟರಿಯ ಒಳಗೆ ಕೂಲಿಯ ಲೆಕ್ಕ ಹೇಗೆ ಹುಟ್ಟುತ್ತದೆ ನೋಡಿ. ಸುಲಿದ ಕಾಯಿ ರಾಶಿ ಬೀಳುತ್ತದೆ. ಒಬ್ಬರು ಕರಟ ಬಿಡಿಸುತ್ತಾರೆ. ಸಾಲಾಗಿ ಕೂತ ಹೆಂಗಸರು ತಿರುಳಿನ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಲ್ಲಿ ಹೆರೆಯುತ್ತಾರೆ. ಆಮೇಲೆ ತೊಳೆಯುವುದು, ಹಬೆಗಿಡುವುದು, ಯಂತ್ರಕ್ಕೆ ಕೊಟ್ಟು ಪುಡಿ ಮಾಡುವುದು, ಒಣಗಿಸಿ ಜರಡಿ ಹಿಡಿದು ಚೀಲ ತುಂಬುವುದು. ಕರಟ ಬಿಡಿಸುವವರಿಗೂ ಸಿಪ್ಪೆ ಹೆರೆಯುವವರಿಗೂ ಎಣಿಕೆಯ ಮೇಲೆ ಕೂಲಿ. ಬಾಯ್ಲರ್ ನೋಡುವವನಿಗೆ ತಿಂಗಳ ಸಂಬಳ. ಲೋಡಿಂಗಿನವರಿಗೆ ಚೀಲಕ್ಕಿಷ್ಟು. ಇಷ್ಟೆಲ್ಲ ಮೇಸ್ತ್ರಿಯ ಉದ್ದನೆಯ ಪುಸ್ತಕದಲ್ಲಿರುತ್ತದೆ. ಹೆಸರಿನ ಮುಂದೆ ನಾಲ್ಕು ಗೀಟು, ಐದನೆಯದು ಅಡ್ಡಗೀಟು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಂತೆಯ ದಿನ ಕೊಟ್ಟ ಮುಂಗಡ. ಮಗಳಿಗೆ ಜ್ವರ ಬಂದ ದಿನ ತಾಯಿ ಬಂದು ಕೂತಿದ್ದರೆ ಅದಕ್ಕೊಂದು ಗುರುತು. ಕಾಯಿ ರೇಟು ಏರಿ ಫ್ಯಾಕ್ಟರಿ ನಿಂತ ದಿನಗಳಿಗೆ ಉದ್ದಕ್ಕೆ ಒಂದು ಗೆರೆ.

ಈ ಪುಸ್ತಕವನ್ನು ಕಾನೂನಿನ ಭಾಷೆಗೆ ತಿರುಗಿಸುವುದು ಸುಲಭದ ಕೆಲಸವಲ್ಲ ಎಂಬುದನ್ನು ಮಾಲೀಕರ ಪರವಾಗಿಯೂ ಹೇಳಬೇಕು. ಇಪ್ಪತ್ತು ಜನ ದುಡಿಯುವ ಕಡೆ ಭವಿಷ್ಯನಿಧಿ (ಪಿಎಫ್) ಕಟ್ಟಬೇಕು. ಹತ್ತು ಜನರಿದ್ದರೆ ಇಎಸ್ಐ ಕಾನೂನು ಬಾಗಿಲಿಗೆ ಬರುತ್ತದೆ. ಇಎಸ್ಐಗೆ ತಿಂಗಳಿಗೆ 21,000 ರೂಪಾಯಿಯವರೆಗಿನ ಸಂಬಳ, ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25. ಪಿಎಫ್, ಇಎಸ್ಐ ಎರಡನ್ನೂ ಮುಂದಿನ ತಿಂಗಳ 15ರೊಳಗೆ ಆನ್‌ಲೈನಿನಲ್ಲೇ ಕಟ್ಟಬೇಕು. ಪ್ರತಿ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆಯನ್ನು ಕನಿಷ್ಠ ಕೂಲಿಗೆ ಸೇರಿಸಬೇಕು. ಭವಿಷ್ಯನಿಧಿ ತಡವಾದರೆ ವರ್ಷಕ್ಕೆ ಶೇ 12ರ ಬಡ್ಡಿ, ಅದರ ಮೇಲೆ ದಂಡ. ಕಾಯಿ ವ್ಯಾಪಾರ, ಲಾರಿ, ಬ್ಯಾಂಕು ಎಂದು ದಿನವಿಡೀ ಓಡಾಡುವ ಮನುಷ್ಯನಿಗೆ ಇದಕ್ಕೆ ಕೂರಲು ಪುರಸೊತ್ತಿರುವುದಿಲ್ಲ. ಗೊತ್ತಿರುವವರ ಕೈಗೆ ಕೊಡುವುದು ಸರಿಯಾದ ದಾರಿಯೇ. ಅಮೆರಿಕದ ನ್ಯೂಜೆರ್ಸಿಯಲ್ಲಿ 1949ರಲ್ಲಿ ಹೆನ್ರಿ ಟೌಬ್ ಎಂಬ ತರುಣ ಅಕ್ಕಪಕ್ಕದ ಸಣ್ಣ ಉದ್ಯಮಗಳ ಸಂಬಳದ ಲೆಕ್ಕ ಮಾಡಿಕೊಡಲು ಶುರು ಮಾಡಿದ ಕಂಪನಿಯೇ ಇಂದು ಎಡಿಪಿ ಎಂಬ ಹೆಸರಿನಲ್ಲಿ ಜಗತ್ತಿನ ಬಹುದೊಡ್ಡ ಸಂಬಳ ಸಂಸ್ಥೆಗಳಲ್ಲಿ ಒಂದಾಗಿದೆ. ಅವತ್ತಿನ ಆ ಸಣ್ಣ ಉದ್ಯಮಗಳ ಕಷ್ಟವೇ ಇವತ್ತು ಕೆ.ಬಿ. ಕ್ರಾಸಿನ ಸುತ್ತಲಿನವರದ್ದು.

ಆದರೆ ಹೊರಗಿನವರು ನಮ್ಮ ಕಸುಬನ್ನು ಅರಿತಿರಬೇಕು. ನಾರಿನ ಉದ್ಯಮವನ್ನೇ ತೆಗೆದುಕೊಳ್ಳಿ. ಭವಿಷ್ಯನಿಧಿ ಕಾನೂನಿನಡಿ ಬೀಡಿ, ಇಟ್ಟಿಗೆ, ಸೆಣಬಿನ ಉದ್ಯಮಗಳ ಜೊತೆಗೆ ತೆಂಗಿನ ನಾರಿನ ಉದ್ಯಮಕ್ಕೂ, ನೂಲುವ ವಿಭಾಗವೊಂದನ್ನು ಬಿಟ್ಟು, ಶೇ 12ರ ಬದಲು ಶೇ 10ರ ವಂತಿಗೆ ಗೊತ್ತು ಮಾಡಲಾಗಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಸಂಬಳ ಮಾಡಿ ಪಳಗಿದವರು ಕಣ್ಣುಮುಚ್ಚಿ 12 ಎಂದು ತುಂಬಬಹುದು. ಎಣಿಕೆ ಕೂಲಿಯವರಿಗೆ ಪಿಎಫ್ ಲೆಕ್ಕವೇ ಇಲ್ಲ ಎಂದು ಬಿಟ್ಟುಬಿಡಲೂಬಹುದು. ಎಣಿಕೆಯ ಮೇಲೆ ದುಡಿದರೂ ಅವರು ಕಾರ್ಮಿಕರೇ, ಅವರ ಹೆಸರು ಪಟ್ಟಿಯಲ್ಲಿರಲೇಬೇಕು.

ಈಗ ಎರಡನೆಯ ಅರ್ಧಕ್ಕೆ ಬರುತ್ತೇನೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದದ್ದನ್ನು ನಾವು ಮರೆಯಬಾರದು. ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಸಿಡಿದೆದ್ದರು. ಗಾಜು ಒಡೆದರು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಜನರನ್ನು ಪೊಲೀಸರು ಬಂಧಿಸಿದರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಕಂಪನಿಯ ಪಟ್ಟಿಯಲ್ಲಿರಲಿಲ್ಲ. ಆರು ಏಜೆನ್ಸಿಗಳ ಮೂಲಕ ಬಂದವರು. ಪಾಳಿ ಎಂಟು ಗಂಟೆಯಿಂದ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಿಯ ಯಂತ್ರದ ಲೆಕ್ಕ ಸರಿ ಬರುತ್ತಿರಲಿಲ್ಲ. ಹೇಳಿದ ಸಂಬಳವೊಂದು, ಖಾತೆಗೆ ಬಿದ್ದದ್ದು ಇನ್ನೊಂದು ಎಂಬುದು ಕಾರ್ಮಿಕರ ದೂರು. ದುಡಿಮೆಯ ಅವಧಿಯನ್ನು ಸರಿಯಾಗಿ ನಿಭಾಯಿಸದೆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ ಕೆಲವರ ಸಂಬಳ ತಡವಾಯಿತು ಎಂಬುದನ್ನು ಆ್ಯಪಲ್ ಕಂಪನಿಯೇ ವಾರದೊಳಗೆ ಒಪ್ಪಿಕೊಂಡಿತು. ವಿಸ್ಟ್ರಾನ್ ಕ್ಷಮೆ ಕೇಳಿ, ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಂಸ್ಥೆಯ ಕೈಸೇರಿತು.

ನರಸಾಪುರದಲ್ಲಿ ಹಣಕ್ಕೆ ಬರವಿರಲಿಲ್ಲ, ತಂತ್ರಜ್ಞಾನಕ್ಕೂ ಬರವಿರಲಿಲ್ಲ. ‘ಅಣ್ಣಾ, ಈ ತಿಂಗಳು ನನಗೆ ಇಷ್ಟು ಕಮ್ಮಿ ಯಾಕೆ ಬಂತು?’ ಎಂದು ಹೋಗಿ ಕೇಳಲು, ಕೇಳಿದ್ದಕ್ಕೆ ಉತ್ತರ ಹೇಳಲು ಹೊಣೆಗಾರ ಮನುಷ್ಯನೊಬ್ಬ ಇರಲಿಲ್ಲ. ಕಂಪನಿ ಏಜೆನ್ಸಿಯತ್ತ ಕೈತೋರಿಸಿತು, ಏಜೆನ್ಸಿ ಕಂಪನಿಯತ್ತ ತೋರಿಸಿತು. ಬೆಂಗಳೂರಿನ ಪೌರಕಾರ್ಮಿಕರು ವರ್ಷಗಟ್ಟಲೆ ಉಂಡ ಸಂಕಟವೂ ಇದೇ. ಗುತ್ತಿಗೆದಾರ ಸಂಬಳ ತಡೆದರೂ, ಪಿಎಫ್ ಮುರಿದುಕೊಂಡು ಕಟ್ಟದಿದ್ದರೂ ಅವರಿಗೆ ಕೇಳುವ ಬಾಗಿಲಿರಲಿಲ್ಲ. ಅವರು ಬೀದಿಗಿಳಿದು ಹೋರಾಡಿದ ಮೇಲೆ ಗುತ್ತಿಗೆ ತಪ್ಪಿ ನೇರ ವೇತನ ಬಂತು.

ಕಾನೂನು ಈ ಜಾರಿಕೊಳ್ಳುವಿಕೆಗೆ ಎಂದೂ ಒಪ್ಪಿಗೆ ಕೊಟ್ಟಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಗುತ್ತಿಗೆದಾರ ಸಂಬಳ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕು ಎಂದಿತ್ತು. ಬಟವಾಡೆ ಮಾಡುವಾಗ ಮಾಲೀಕನ ಕಡೆಯವರೊಬ್ಬರು ಎದುರಿಗಿರಬೇಕು ಎಂದೂ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯೂ ಕೊನೆಯ ಹೊಣೆಯನ್ನು ಉದ್ಯಮದ ಒಡೆಯನ ಮೇಲೇ ಇಟ್ಟಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಸಿಗಬೇಕು. ಕೆಲಸ ಬಿಟ್ಟವರ ಬಾಕಿ ಎರಡು ಕೆಲಸದ ದಿನಗಳಲ್ಲಿ ಮುಗಿಯಬೇಕು. ಸಂಬಳದ ಚೀಟಿ ಕೊಡಲೇಬೇಕು. ಕಾರ್ಮಿಕರ ಕೂಲಿಯಿಂದ ಮುರಿದುಕೊಂಡ ಪಿಎಫ್ ಹಣವನ್ನು ಕಟ್ಟದೆ ಇಟ್ಟುಕೊಂಡರೆ ಅದು ನಂಬಿಕೆದ್ರೋಹದ ಅಪರಾಧ. ‘ನಾನು ಕನ್ಸಲ್ಟೆಂಟಿಗೆ ದುಡ್ಡು ಕೊಟ್ಟಿದ್ದೆ ಸಾರ್’ ಎಂದರೆ ಅಧಿಕಾರಿಯ ಮುಂದೆ ನಡೆಯುವುದಿಲ್ಲ.

ದುಡ್ಡಿನ ಮಾತು ಬಂತಲ್ಲ, 2019ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನಡೆದದ್ದನ್ನೂ ಹೇಳಬೇಕು. ಮೈಪೇರೋಲ್‌ಎಚ್‌ಆರ್ ಎಂಬ ಸಂಸ್ಥೆ ಸಣ್ಣ ಸಣ್ಣ ಉದ್ಯಮಗಳ ಸಂಬಳದ ಹಣವನ್ನು ತನ್ನ ಮೂಲಕವೇ ಹಾಯಿಸುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಕೋಟ್ಯಂತರ ಡಾಲರ್ ನಾಪತ್ತೆ. ಖಾತೆಗೆ ಬಂದು ಬಿದ್ದಿದ್ದ ಸಂಬಳವೂ ವಾಪಸ್ ಎಳೆಯಲ್ಪಟ್ಟು ಎಷ್ಟೋ ಕಾರ್ಮಿಕರ ಖಾತೆ ಬರಿದಾಯಿತು. ಮಾಲೀಕರು ತಮ್ಮ ಪಾಲಿನ ಹಣ ಕೊಟ್ಟು ನಿಶ್ಚಿಂತರಾಗಿದ್ದರು. ಅದಕ್ಕೇ ನಾನು ಕಟ್ಟುನಿಟ್ಟಾಗಿ ಹೇಳುವುದು: ಲೆಕ್ಕ ಹೊರಗಿನವರು ಮಾಡಲಿ, ಹಣ ಮಾತ್ರ ಫ್ಯಾಕ್ಟರಿಯ ಖಾತೆಯಿಂದ ನೇರ ಕಾರ್ಮಿಕರ ಖಾತೆಗೆ ಹೋಗಲಿ. ಪಿಎಫ್, ಇಎಸ್ಐ ಚಲನ್ನಿನ ಹಣವೂ ಫ್ಯಾಕ್ಟರಿಯ ಖಾತೆಯಿಂದಲೇ ನೇರ ಸಂದಾಯವಾಗಲಿ. ನಡುವೆ ಇನ್ನೊಬ್ಬರ ಖಾತೆ ಬೇಡ.

ಆಳು ಪೂರೈಕೆಯ ಕರಾರು ಮಾಡಿಕೊಂಡರೆ ಮಾಲೀಕರಿಗೆ ಖರ್ಚಾದರೂ ಉಳಿಯುತ್ತದೆಯೇ ಎಂದರೆ ಅದೂ ಇಲ್ಲ. ಆಗ ಏಜೆನ್ಸಿಯ ಬಿಲ್ಲಿನಲ್ಲಿ ಕೂಲಿಯೂ ಸೇರಿ ಇಡೀ ಮೊತ್ತದ ಮೇಲೆ ಶೇ 18 ಜಿಎಸ್‌ಟಿ ಬೀಳುತ್ತದೆ. ಬರೀ ಲೆಕ್ಕದ ಕೆಲಸವಾದರೆ ಅವರ ಶುಲ್ಕದ ಮೇಲಷ್ಟೇ.

ಲೆಕ್ಕ ಹೊರಗೆ ಹೋದರೂ ಹಾಜರಿಯ ಪುಸ್ತಕ ಊರಲ್ಲೇ ಇರಬೇಕು ಎನ್ನಲು ನನ್ನ ಬಳಿ ಬಲವಾದ ಕಾರಣವಿದೆ. ಇಎಸ್ಐ ವ್ಯಾಪ್ತಿಗೆ ಬಂದ ಕಾರ್ಖಾನೆಯ ಹೆಣ್ಣುಮಗಳೊಬ್ಬಳಿಗೆ ಕಾಯಿಲೆಯಾದರೆ ರಜೆಯ ಹಣ ಸಿಗಬೇಕಾದರೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಜಮಾ ಆಗಿರಬೇಕು. ಹೆರಿಗೆಯ 26 ವಾರಗಳ ಸೌಲಭ್ಯಕ್ಕೆ ಹಿಂದಿನ ಎರಡು ಅವಧಿಗಳಲ್ಲಿ 70 ದಿನ. ಏಪ್ರಿಲಿನಿಂದ ಸೆಪ್ಟೆಂಬರ್ ಒಂದು ಅವಧಿ, ಅಕ್ಟೋಬರಿನಿಂದ ಮಾರ್ಚ್ ಇನ್ನೊಂದು. ವರ್ಷವಿಡೀ ಓಡುವ ಕಾರ್ಖಾನೆಯಲ್ಲಿ 78 ದಿನ ದೊಡ್ಡ ಮಾತಲ್ಲ. ಆದರೆ ತೆಂಗಿನ ಫ್ಯಾಕ್ಟರಿಯಲ್ಲಿ ಕಾಯಿ ಸಿಗದ ವಾರಗಳಿವೆ, ರೇಟು ಹತ್ತಿ ನಿಂತ ವಾರಗಳಿವೆ, ಹೊಲದ ಕೆಲಸಕ್ಕೆ ಹೋದ ದಿನಗಳಿವೆ. ಅಂಥ ಅರ್ಧ ವರ್ಷದಲ್ಲಿ ಆಕೆ ದುಡಿದದ್ದು 80 ದಿನ ಅಂದುಕೊಳ್ಳಿ. ಮೇಸ್ತ್ರಿ ವಾಟ್ಸಾಪಿನಲ್ಲಿ ಕಳಿಸಿದ ಫೋಟೋದಲ್ಲಿ ಪುಸ್ತಕದ ಅಂಚು ಮಡಚಿಕೊಂಡು ಮೂರು ದಿನಗಳ ಗೀಟು ಕಾಣದೇ ಹೋದರೆ, ದೂರದ ಕಚೇರಿಯ ಹುಡುಗ 77 ಎಂದು ತುಂಬಿದರೆ, ಆರು ತಿಂಗಳು ತನ್ನ ಕೂಲಿಯಿಂದ ಹಣ ಕೊಟ್ಟೂ ಆಕೆಗೆ ಕಾಯಿಲೆಯ ರಜೆಯಲ್ಲಿ ಒಂದು ಕಾಸೂ ಸಿಗುವುದಿಲ್ಲ. ಆ ಹುಡುಗನಿಗೆ ಅದು ಗೊತ್ತೂ ಆಗುವುದಿಲ್ಲ. ಮೇಸ್ತ್ರಿಯಾದರೆ ದಿನ ಬೆಳಗಾದರೆ ಅವಳ ಮುಖ ನೋಡುತ್ತಾನೆ.

ಹೆಸರಿನದೂ ಇಂಥದ್ದೇ ಕಥೆ. ಆಧಾರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಲಕ್ಷ್ಮಮ್ಮ ಒಂದು ಥರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಥರ, ಪಿಎಫ್ ಖಾತೆಯಲ್ಲಿ ಮತ್ತೊಂದು. ಒಂದು ಕಡೆ ತಂದೆಯ ಹೆಸರು, ಇನ್ನೊಂದು ಕಡೆ ಗಂಡನದು. ಕೆಲಸಕ್ಕೆ ಸೇರಿದ ದಿನವೇ ಆಕೆಯನ್ನು ಎದುರಿಗೆ ಕೂರಿಸಿಕೊಂಡು ನೋಡಿ ತುಂಬಿದರೆ ಹತ್ತು ನಿಮಿಷದ ಕೆಲಸ. ಹತ್ತು ವರ್ಷ ಬಿಟ್ಟು, ಮಗಳ ಮದುವೆಗೆಂದು ಪಿಎಫ್ ಹಣ ಕೇಳಿದಾಗ ಅರ್ಜಿ ತಿರಸ್ಕಾರವಾದರೆ ಸೈಬರ್ ಸೆಂಟರಿಗೂ ಬ್ಯಾಂಕಿಗೂ ಅಲೆದು ಅಲೆದು ಸಾಕಾಗುತ್ತದೆ. ಅಷ್ಟರಲ್ಲಿ ಆ ಕನ್ಸಲ್ಟೆಂಟ್ ಬದಲಾಗಿರುತ್ತಾನೆ. ಹಳೆಯ ಲೆಕ್ಕದ ಪಾಸ್‌ವರ್ಡ್ ಅವನ ಹತ್ತಿರವೇ ಉಳಿದು, ಫ್ಯಾಕ್ಟರಿಯವರೇ ತಮ್ಮ ಕಾರ್ಮಿಕರ ಪಟ್ಟಿಯನ್ನು ನೋಡಲಾಗದೆ ಕೂತ ಉದಾಹರಣೆಗಳೂ ಇವೆ. ಪೋರ್ಟಲಿಗೆ ಕೊಡುವ ಮೊಬೈಲ್ ನಂಬರು ಮಾಲೀಕರದ್ದೇ ಆಗಿರಲಿ ಎಂದು ಪರಿಚಯದವರಿಗೆಲ್ಲ ನಾನು ಹೇಳುತ್ತಿರುತ್ತೇನೆ.

ಸಂಬಳದ ಚೀಟಿಯ ವಿಷಯದಲ್ಲಿ ನನಗೆ ತುಸು ಹಟವಿದೆ. ಅದು ಕನ್ನಡದಲ್ಲಿರಬೇಕು. ಎಷ್ಟು ಕಾಯಿ, ಎಷ್ಟು ದರ, ಎಷ್ಟು ದಿನ, ಮುಂಗಡ ಎಷ್ಟು, ಪಿಎಫ್ ಇಎಸ್ಐ ಎಷ್ಟು ಮುರಿದಿದೆ, ಕೈಗೆಷ್ಟು ಬಂತು. ಅಂಗೈಯಗಲದ ಕಾಗದ ಸಾಕು. ಮೊಬೈಲಿಗೆ ಇಂಗ್ಲಿಷಿನಲ್ಲಿ ಬರುವ ಪಿಡಿಎಫ್ ಕಾನೂನಿನ ಲೆಕ್ಕಕ್ಕೆ ಸರಿಹೋಗಬಹುದು, ಸಿಪ್ಪೆ ಹೆರೆಯುವ ಹೆಂಗಸಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಆಕೆಗೆ ತನ್ನ ಎಣಿಕೆ ಬಾಯಿಪಾಠವಿರುತ್ತದೆ. ಚೀಟಿಯಲ್ಲಿ ತಪ್ಪಿದ್ದರೆ ಕಂಪ್ಯೂಟರಿಗಿಂತ ಮೊದಲು ಆಕೆಯೇ ಹಿಡಿಯುತ್ತಾಳೆ. ಅಷ್ಟು ಒಳ್ಳೆಯ ಲೆಕ್ಕ ತಪಾಸಿಗರನ್ನು ಬಿಟ್ಟು ಬೇರೆಲ್ಲೂ ಹುಡುಕಬೇಕಿಲ್ಲ.

ಹಾಗಾದರೆ ಇಪ್ಪತ್ತು ಮೂವತ್ತು ಜನರ ಫ್ಯಾಕ್ಟರಿ ಏನು ಮಾಡಬೇಕು? ಹೊರಗಿನವರು ಎಂದರೆ ನೂರು ಮೈಲಿ ಆಚೆಯವರೇ ಆಗಬೇಕಿಲ್ಲ. ಬೀದರ್ ಜಿಲ್ಲೆಯಲ್ಲಿ ಹೊರಗುತ್ತಿಗೆ ನೌಕರರಿಗಾಗಿ ಕಾರ್ಮಿಕ ಸೇವಾ ಸಹಕಾರ ಸಂಘ ಕಟ್ಟಿ ಏಜೆನ್ಸಿಗಳನ್ನು ದೂರವಿಟ್ಟ ಮಾದರಿಯೊಂದು ಕಣ್ಣೆದುರಿಗಿದೆ. ಅದನ್ನು ಬೇರೆ ಜಿಲ್ಲೆಗಳಿಗೂ ತರುವ ಮಾತು ಸರ್ಕಾರದ ಮಟ್ಟದಲ್ಲಿ ನಡೆದಿದೆ. ನಮ್ಮಲ್ಲಿ ಬೇಕಾದದ್ದು ಅಷ್ಟು ದೊಡ್ಡದೂ ಅಲ್ಲ. ಸುತ್ತಲಿನ ಹತ್ತು ಹದಿನೈದು ಪೌಡರ್ ಮತ್ತು ನಾರಿನ ಫ್ಯಾಕ್ಟರಿಗಳು ಸೇರಿ ಕೆ.ಬಿ. ಕ್ರಾಸಿನಲ್ಲೇ ಒಂದು ಕೊಠಡಿ ಹಿಡಿದು, ಪಿಎಫ್ ಇಎಸ್ಐ ಬಲ್ಲ ಇಬ್ಬರನ್ನು ಕೂರಿಸಿದರೆ ಸಾಕು. ನಮ್ಮ ಊರುಗಳಲ್ಲಿ ಬಿ.ಕಾಂ. ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗಿಯರಿಗೆ ಇದು ಮನೆಯ ಹತ್ತಿರದ ಕೆಲಸವಾಗುತ್ತದೆ. ಮೇಸ್ತ್ರಿ ಪುಸ್ತಕವನ್ನೇ ತಂದು ಮೇಜಿನ ಮೇಲಿಟ್ಟು ‘ನೋಡಮ್ಮ, ಇದು ತಾಯಿ ಬಂದ ದಿನ’ ಎಂದು ತೋರಿಸಬಹುದು. ಚೀಟಿಯಲ್ಲಿ ತಪ್ಪು ಕಂಡ ಹೆಂಗಸು ಕೆಲಸ ಮುಗಿಸಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಒಳಗೆ ಬಂದು ಕೇಳಬಹುದು.

ಇದಕ್ಕೆ ತಗಲುವ ಖರ್ಚನ್ನು ಹಂಚಿಕೊಂಡರೆ ಒಂದೊಂದು ಫ್ಯಾಕ್ಟರಿಯ ಪಾಲಿಗೆ ಬರುವುದು ಈಗ ಬೇರೆ ಬೇರೆಯಾಗಿ ಕನ್ಸಲ್ಟೆಂಟುಗಳಿಗೆ ಕೊಡುತ್ತಿರುವುದಕ್ಕಿಂತ ಹೆಚ್ಚಾಗಲಾರದು. ತುಟ್ಟಿಭತ್ಯೆ ಬದಲಾಗುವುದೂ ಇಎಸ್ಐ ವಂತಿಗೆಯ ಹೊಸ ಅವಧಿ ಶುರುವಾಗುವುದೂ ಏಪ್ರಿಲ್ 1ಕ್ಕೇ. ಮಾಲೀಕರ ಸಂಘದವರು ಜನವರಿಯಲ್ಲಿ ಒಂದು ಸಭೆ ಕರೆದು, ಫೆಬ್ರವರಿ ಮಾರ್ಚಿನಲ್ಲಿ ಎಲ್ಲರ ಹೆಸರು, ಆಧಾರ್, ಬ್ಯಾಂಕ್ ಖಾತೆಗಳನ್ನು ಎದುರುಬದುರು ಇಟ್ಟು ತಿದ್ದಿಸಿದರೆ, ಏಪ್ರಿಲ್ ತಿಂಗಳ ಬಟವಾಡೆಯನ್ನು ಆ ಕೊಠಡಿಯಿಂದಲೇ ಮಾಡಬಹುದು.