ಔಷಧವಿಲ್ಲದ ಸೂಜಿ

ಹೆಗಲಿನಲ್ಲಿ ಗಂಟು ಕಟ್ಟಿದಂತಾಗಿ, ಅದರ ನೋವು ಕತ್ತಿನ ಬದಿಯಿಂದ ಹಣೆಯ ಪಕ್ಕದವರೆಗೆ ಏರುವುದನ್ನು ಅನೇಕ ಗೃಹಿಣಿಯರು ಬಲ್ಲರು. ತಲೆನೋವೆಂದು ಬಗೆದು ಮಾತ್ರೆ ನುಂಗುವವರೇ ಹೆಚ್ಚು. ಆದರೆ ನೋವು ಕಾಣಿಸುವ ಎಡೆಯೇ ನೋವಿನ ಮೂಲವಾಗಿರಬೇಕೆಂದಿಲ್ಲ. ಸ್ನಾಯುವಿನೊಳಗಿನ ಇಂತಹ ಬಿಗಿಗಂಟನ್ನು ವೈದ್ಯರು ಟ್ರಿಗರ್ ಪಾಯಿಂಟ್ ಎಂದು ಕರೆಯುತ್ತಾರೆ. ಅದಕ್ಕೆ ಫಿಜಿಯೋಥೆರಪಿ ಕೇಂದ್ರಗಳಲ್ಲಿ ಈಗ ನೀಡುತ್ತಿರುವ ಒಂದು ಚಿಕಿತ್ಸೆ ಡ್ರೈ ನೀಡ್ಲಿಂಗ್. 'ಒಣ' ಎಂಬ ವಿಶೇಷಣದ ಅರ್ಥ ಇಷ್ಟೇ: ಸೂಜಿಯ ಮೂಲಕ ಯಾವ ಔಷಧವೂ ದೇಹವನ್ನು ಸೇರುವುದಿಲ್ಲ.

ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಅವರು ಇಂತಹ ಗಂಟುಗಳಿಗೆ ಮರವೆಯ ಔಷಧವನ್ನು ಚುಚ್ಚಿ ನೋವು ಶಮನಗೊಳಿಸುತ್ತಿದ್ದರು. ಝೆಕ್ ವೈದ್ಯ ಕಾರೆಲ್ ಲೆವಿಟ್ ಅವರು 241 ರೋಗಿಗಳಲ್ಲಿ ತಾವು ಕಂಡುದನ್ನು 1979ರಲ್ಲಿ ಪ್ರಕಟಿಸಿ, ಗುಣ ಔಷಧದ್ದಲ್ಲ, ಸೂಜಿಯದೇ ಎಂದು ವಾದಿಸಿದರು. ಚೀನಾದ ಅಕ್ಯುಪಂಕ್ಚರಿನ ಸೂಜಿಗೂ ಇದಕ್ಕೂ ಹೆಚ್ಚಿನ ಭೇದವಿಲ್ಲ. ಆದರೆ ಅಲ್ಲಿ ಪ್ರಾಣಶಕ್ತಿ ಹರಿಯುವ ಮಾರ್ಗಗಳ ಕಲ್ಪನೆಯುಂಟು, ಇಲ್ಲಿ ಕೈಬೆರಳಿಗೆ ಸಿಕ್ಕುವ ಗಂಟೇ ಗುರಿ.

ಸುಮಾರು ಕಾಲು ಮಿಲಿಮೀಟರ್ ದಪ್ಪದ ಸೂಜಿ ಗಂಟನ್ನು ಮುಟ್ಟಿದಾಗ ಸ್ನಾಯು ತಾನಾಗಿ ಒಮ್ಮೆ ಅದಿರುತ್ತದೆ. ಅರಿಯದವರು ಬೆಚ್ಚುವುದು ಇಲ್ಲಿಯೇ. ಬಳಿಕ ಒಂದೆರಡು ದಿನ ಮೈಕೈ ನೋವಿನಂತಹ ನೋವು ಉಳಿಯಬಹುದು. ಈವರೆಗಿನ ಅಧ್ಯಯನಗಳಲ್ಲಿ ಕೆಲವು ವಾರಗಳ ಉಪಶಮನ ಕಂಡುಬಂದಿದೆ; ದೀರ್ಘಕಾಲದ ಲಾಭಕ್ಕೆ ಆಧಾರ ದುರ್ಬಲವಾಗಿದೆ. ಆದ್ದರಿಂದ ವ್ಯಾಯಾಮವನ್ನು ಕೈಬಿಟ್ಟು ಸೂಜಿಯನ್ನೇ ನೆಚ್ಚುವುದು ತರವಲ್ಲ.

ನಮ್ಮ ಅಕ್ಕನವರಿಗೆ ಜೋಳದ ರೊಟ್ಟಿ ಬಡಿದು ಬಡಿದು ಬಲಹೆಗಲು ಬಿಗಿದಿತ್ತು. ಹೃದಯದ ಕವಾಟ ಬದಲಿಸಿದ ದಿನದಿಂದ ಅವರು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುತ್ತಿದ್ದಾರೆ. ಆ ಚೀಟಿಯನ್ನು ಜೊತೆಗೆ ಒಯ್ಯೋಣವೆಂದರೆ, "ಹೆಗಲ ನೋವಿಗೆ ಹೋಗುವಾಗ ಎದಿ ಮಾತು ಯಾಕ ತಮ್ಮಾ?" ಎಂದರು. ಮಾತು ಅಲ್ಲಿಯೇ ಇತ್ತು! ಇಂತಹ ಮಾತ್ರೆ ಸೇವಿಸುವವರಿಗೆ ಸೂಜಿಯಿಂದ ಒಳಗೇ ರಕ್ತ ಸೋರುವ ಭಯವುಂಟು. ಚೀಟಿ ನೋಡಿದ ಚಿಕಿತ್ಸಕಿ ಸೂಜಿಯನ್ನು ಬದಿಗಿರಿಸಿ, ಬಿಸಿಶಾಖ ಕೊಟ್ಟು, ಹೆಗಲಿನ ವ್ಯಾಯಾಮ ಕಲಿಸಿ ಕಳುಹಿಸಿದರು.

ಗರ್ಭಿಣಿಯರೂ ಮಧುಮೇಹಿಗಳೂ ಮೊದಲೇ ತಿಳಿಸಬೇಕು. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಹಾಗೆಂದು ಕೇಳಲು ಸಂಕೋಚ ಬೇಡ. ಪುಪ್ಫುಸದ ತುದಿ ಕತ್ತಿನ ಬುಡದವರೆಗೂ ಚಾಚಿರುವುದರಿಂದ ಹೆಗಲಿನಲ್ಲಿ ಸೂಜಿ ಆಳಕ್ಕಿಳಿದರೆ ಅದಕ್ಕೆ ತಾಗುವ ಅಪಾಯವುಂಟು. ಅಪರೂಪವೇ ಸರಿ, ಆದರೂ ಚಿಕಿತ್ಸೆಯ ಬಳಿಕ, ಕೆಲವು ಗಂಟೆಗಳು ಕಳೆದ ಮೇಲಾದರೂ, ಉಸಿರು ಕಟ್ಟಿದರೆ ಅಥವಾ ಎದೆಯಲ್ಲಿ ಚುಚ್ಚಿದಂತಾದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು. ಬೆವರು, ಎದೆಬಿಗಿತಗಳೊಡನೆ ಬರುವ ಹೆಗಲುನೋವು ಹೃದಯದ್ದಿರಬಹುದು. ಅದನ್ನು ಸೂಜಿಯವರ ಬಳಿಗೆ ಒಯ್ಯಲೇಬಾರದು.

ಅಕ್ಕನವರ ಹೆಗಲು ಒಂದೂವರೆ ತಿಂಗಳಲ್ಲಿ ಸಡಿಲಗೊಂಡಿತು. ರೊಟ್ಟಿಯ ಅರ್ಧ ಕೆಲಸವನ್ನು ಈಗ ಮಗ ವಹಿಸಿಕೊಂಡಿದ್ದಾನೆ. ರೊಟ್ಟಿ ಇನ್ನೂ ದುಂಡಗಾಗುತ್ತಿಲ್ಲ.