ಕರಸ್ಥಲದ ಬೆರಳು ಬಿಗಿದಾಗ

ಮಾಗಡಿಯ ವಯೋವೃದ್ಧ ಭಕ್ತರೊಬ್ಬರು ಇಷ್ಟಲಿಂಗ ಪೂಜೆಗೆ ಕುಳಿತಾಗ ಅವರ ಎಡ ಅಂಗೈ ಪೂರ್ಣವಾಗಿ ಬಿಚ್ಚಿಕೊಳ್ಳಲಿಲ್ಲ. ‘ಯಾವ ಜನ್ಮದ ಕರ್ಮರೀ ಇದು!’ ಎಂದು ನೊಂದುಕೊಂಡರು. ಕರ್ಮವಲ್ಲ, ಕಾಯದ ವ್ಯಾಧಿ ಎಂದೆವು ನಾವು.

ಅಂಗೈಯ ಚರ್ಮದಡಿಯ ನಾರುಪದರವು ದಪ್ಪಗಾಗಿ, ಗಂಟುಕಟ್ಟಿ, ಹುರಿಯಂತೆ ಬಿಗಿದು ಉಂಗುರಬೆರಳು, ಕಿರುಬೆರಳುಗಳನ್ನು ಒಳಕ್ಕೆ ಸೆಳೆಯುವ ಈ ವ್ಯಾಧಿಯನ್ನು ಫ್ರೆಂಚ್ ಶಸ್ತ್ರವೈದ್ಯ ಡುಪ್ಯುಟ್ರೆನ್ 1831ರಲ್ಲಿ ವಿವರಿಸಿದನು. ಉತ್ತರ ಯುರೋಪಿನವರಲ್ಲಿ ಇದು ಹೆಚ್ಚು. ನಮ್ಮಲ್ಲಿ ವಿರಳ, ಇಲ್ಲವೆಂದಲ್ಲ. ವಂಶಪಾರಂಪರ್ಯವೇ ಪ್ರಬಲ ಕಾರಣ. 50 ದಾಟಿದ ಪುರುಷರು, ಮಧುಮೇಹಿಗಳು, ಧೂಮಪಾನ ಮದ್ಯಪಾನಗಳಿಗೆ ಒಳಗಾದವರು ಹೆಚ್ಚಾಗಿ ತುತ್ತಾಗುವರು. ಕಂಪಿಸುವ ಯಂತ್ರ ಹಿಡಿದು ವರ್ಷಗಟ್ಟಲೆ ದುಡಿದವರಲ್ಲಿಯೂ ಕಾಣುವುದುಂಟು.

ನೋವು ಅಲ್ಪವಾದ್ದರಿಂದ ಅಲಕ್ಷ್ಯವೇ ಅಧಿಕ. ಅಂಗೈಯನ್ನು ಮಣೆಯ ಮೇಲೆ ಬೋರಲಿಟ್ಟು ನೋಡಿರಿ. ಸಮತಟ್ಟಾಗಿ ಕೂರದಿದ್ದರೆ ವೈದ್ಯರನ್ನು ಕಾಣಿರಿ, ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿರಿ. ಬೆರಳನ್ನು ಬಲವಂತವಾಗಿ ಎಳೆಯಬೇಡಿರಿ. ಬೆರಳು ಮಡಿಚುವುದರೊಡನೆ ಸ್ಪರ್ಶವೂ ತಿಳಿಯದಿದ್ದರೆ ಅದು ಕುಷ್ಠವೇ ಮೊದಲಾದ ನರಬಾಧೆಯಾಗಿರಬಹುದು, ತಡಮಾಡಲಾಗದು.

ಬೆರಳು ಮಡಿಚಿದ ಮಾತ್ರಕ್ಕೆ ಪೂಜೆಗೆ ಊನವಿಲ್ಲವೆಂದು ಆ ಹಿರಿಯರಿಗೆ ಧೈರ್ಯ ಹೇಳಿದೆವು. ಕಿಸೆಯಲ್ಲಿದ್ದ ಬೀಡಿಕಟ್ಟನ್ನು ಮಾತ್ರ ಕೇಳಿ ಇಸಿದುಕೊಂಡೆವು.